ಮನಸ್ಸಿನ ಚಿಕಿತ್ಸೆಗೆ ಹೊರಟವರಿಗೆ: ಯಾವ ತೊಂದರೆಗೆ ಯಾವ ಥೆರಪಿ, ನಮ್ಮ ಪಾಲಿನ ಕೆಲಸ ಏನು

2019ರ ಫೆಬ್ರವರಿಯಲ್ಲಿ ನನಗೆ ಎರಡು ದಿನಕ್ಕೊಂದು ಸೋಪು ಬೇಕಾಗುತ್ತಿತ್ತು. ನಮ್ಮೂರು ಸಾಗರ. ಆ ಚಳಿಗಾಲ ನಮ್ಮ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಮಂಗನ ಕಾಯಿಲೆ ಜೋರಾಗಿತ್ತು. ಜನ ತೀರಿಕೊಂಡರು. ದಿನಾ ಪೇಪರಿನಲ್ಲಿ ಅದೇ ಸುದ್ದಿ. ಕಾಯಿಲೆ ಹರಡುವುದು ಉಣುಗಿನಿಂದ ಅಂತ ಎಲ್ಲರಿಗೂ ಗೊತ್ತು. ನಾವಿರುವುದು ಪೇಟೆಯಲ್ಲಿ, ಕಾಡಿನ ಕಡೆ ಹೋಗುವ ಕೆಲಸವೇ ಇಲ್ಲ. ಆದರೂ ಗೇಟಿನ ಚಿಲಕ ಮುಟ್ಟಿದರೆ ಸಾಕು, ಕೈಗೆ ಉಣುಗು ಹತ್ತಿತು ಅನಿಸುತ್ತಿತ್ತು. ಬಚ್ಚಲಿಗೆ ಹೋದರೆ 40 ನಿಮಿಷ ಕೈ ತೊಳೆಯುತ್ತಿದ್ದೆ. ಮಗನ ಯೂನಿಫಾರಂನ ಹೊಲಿಗೆ ಹೊಲಿಗೆಯನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವಳು ನಾನು. ಮೊದಲು ತಡವಾಗಿ ಹೋಗತೊಡಗಿದೆ, ಆಮೇಲೆ ರಜೆ ಹಾಕತೊಡಗಿದೆ.

ಮೊದಲು ಒಬ್ಬ ಆಪ್ತಸಮಾಲೋಚಕರ ಹತ್ತಿರ ನಾಲ್ಕು ಸಲ ಹೋದೆ. ಅವರು ಪ್ರೀತಿಯಿಂದಲೇ ಮಾತಾಡಿದರು. ‘ಪಾಸಿಟಿವ್ ಆಗಿ ಯೋಚನೆ ಮಾಡಿ, ಪ್ರಾಣಾಯಾಮ ಮಾಡಿ, ಮನಸ್ಸು ಗಟ್ಟಿ ಮಾಡ್ಕೊಳ್ಳಿ. ನಿಮ್ಮ ಕೈ ಎಷ್ಟು ಸ್ವಚ್ಛ ಇದೆ ನೋಡಿ’ ಅಂದರು. ಆ ಧೈರ್ಯ ಮನೆ ಮುಟ್ಟುವವರೆಗೂ ಉಳಿಯುತ್ತಿರಲಿಲ್ಲ. ನನ್ನ ಕಾಯಿಲೆಗೆ ಆ ಥರ ಧೈರ್ಯ ಹೇಳುವುದೇ ಒಲೆಗೆ ಸೌದೆ ಒಟ್ಟಿದ ಹಾಗೆ ಅಂತ ತಿಳಿದದ್ದು ಆಮೇಲೆ.

ಮನಸ್ಸಿನ ಬಹಳಷ್ಟು ತೊಂದರೆಗಳಿಗೆ ಪರೀಕ್ಷೆ ಮಾಡಿ ನೋಡಿದ ವಿಧಾನಗಳಿವೆ. ಹೆಸರು ಗೊತ್ತಿದ್ದರೆ ಕೇಳಿ ಪಡೆಯಬಹುದು. ನನಗೆ ಗೊತ್ತಿರಲಿಲ್ಲ, ಅದಕ್ಕೆ ನಾಲ್ಕು ತಿಂಗಳು ಹೋಯಿತು. ನಿಮ್ಮದು ಹೋಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ನಾನು, ನನ್ನ ತಮ್ಮ, ನಮ್ಮನೆಯವರು, ಮೂವರೂ ಬೇರೆ ಬೇರೆ ತೊಂದರೆಗೆ ಬೇರೆ ಬೇರೆ ಥೆರಪಿ ತೆಗೆದುಕೊಂಡವರು. ನೋಡಿದ್ದನ್ನು, ಮಾಡಿದ್ದನ್ನು ಹೇಳುತ್ತೇನೆ.

ಯಾರ ಹತ್ತಿರ ಹೋಗಬೇಕು, ಏನು ಕೇಳಬೇಕು

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋರೋಗಗಳ ಬಗ್ಗೆ ಓದಿದವರು, ಮಾತ್ರೆ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ, ಥೆರಪಿ ಮಾಡುತ್ತಾರೆ. ಅವರಿಗೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಕೇಳುವುದಕ್ಕೆ ಸಂಕೋಚ ಬೇಡ. ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ನೋಡುತ್ತೇವೆ, ಅಲ್ವಾ? ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ಮನೋಸಾಮಾಜಿಕ ಕಾರ್ಯಕರ್ತರೂ ಥೆರಪಿ ಮಾಡುತ್ತಾರೆ.

ದುಡ್ಡಿನ ತೊಂದರೆ ಇದ್ದರೆ ಸರ್ಕಾರಿ ದಾರಿಯಿಂದ ಶುರು ಮಾಡಿ. ನಮ್ಮ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ ಬಗ್ಗೆ ವಿಚಾರಿಸಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಎಲ್ಲಿಗೆ ಹೋಗಬೇಕು ಅಂತಲೇ ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಖರ್ಚಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಈ ಬರಹ ಓದಿ ಮುಗಿಸುವವರೆಗೂ ಕಾಯಬೇಡಿ. ಈಗಲೇ ಆ ನಂಬರಿಗೆ ಮಾಡಿ, ಮನೆಯಲ್ಲಿ ಒಬ್ಬರಿಗೆ ಹೇಳಿ. ಹತ್ತಿರದ ಆಸ್ಪತ್ರೆಗೆ ಒಬ್ಬರೇ ಹೋಗಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.

ಮೊದಲ ಭೇಟಿಯಲ್ಲಿ ನಾಲ್ಕು ಪ್ರಶ್ನೆ ಕೇಳಿ. ನನ್ನ ತೊಂದರೆಯ ಹೆಸರೇನು? ಅದಕ್ಕೆ ಯಾವ ವಿಧಾನ ಮಾಡುತ್ತೀರಿ, ಸುಮಾರು ಎಷ್ಟು ಸೆಷನ್? ವಾರದ ಮಧ್ಯೆ ಮನೆಯಲ್ಲಿ ನಾನೇನು ಮಾಡಬೇಕು? ಕಡಿಮೆಯಾಗುತ್ತಿದೆ ಅಂತ ಹೇಗೆ ಅಳೆಯುತ್ತೀರಿ? ಕೊನೆಯ ಎರಡಕ್ಕೆ ಉತ್ತರ ಸಿಗದಿದ್ದರೆ ಬೇರೆಯವರನ್ನು ಹುಡುಕಿ. ಆಮೇಲೆ ನನಗೆ ಥೆರಪಿ ಮಾಡಿದ ಶಿವಮೊಗ್ಗದ ಮೇಡಂ ಹತ್ತಿರ ನಾನು ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಚೀಟಿ ಈಸಿಕೊಂಡು ಒಂದೊಂದಕ್ಕೂ ಉತ್ತರ ಬರೆದು ಕೊಟ್ಟರು.

ಗೀಳಿಗೆ ಇಆರ್‌ಪಿ: ಮುಟ್ಟು, ತೊಳೆಯದೆ ಇರು

ನನ್ನದು ಒಸಿಡಿ, ಕನ್ನಡದಲ್ಲಿ ಗೀಳು ಕಾಯಿಲೆ. ಇದಕ್ಕಿರುವ ಥೆರಪಿಯ ಹೆಸರು ಇಆರ್‌ಪಿ. ಭಯ ಹುಟ್ಟಿಸುವುದನ್ನು ಬೇಕಂತಲೇ ಎದುರಿಸಬೇಕು. ಎದುರಿಸಿದ ಮೇಲೆ ತೊಳೆಯುವುದು, ನೋಡುವುದು, ಎಣಿಸುವುದು, ಯಾವುದನ್ನೂ ಮಾಡಬಾರದು. 1966ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಎನ್ನುವ ಮನಶ್ಶಾಸ್ತ್ರಜ್ಞರು ಇಬ್ಬರು ರೋಗಿಗಳಿಗೆ ಇದನ್ನು ಮಾಡಿಸಿ ವರದಿ ಬರೆದರು. ಅಲ್ಲಿಯವರೆಗೆ ಗೀಳು ವಾಸಿಯಾಗುವುದು ಕಷ್ಟ ಅಂತಲೇ ವೈದ್ಯರ ನಂಬಿಕೆಯಾಗಿತ್ತು. ನನಗೆ ಮನೋವೈದ್ಯರು ಮಾತ್ರೆಯನ್ನೂ ಕೊಟ್ಟಿದ್ದರು. ಎರಡೂ ಜೊತೆಗೇ ನಡೆದವು. ಥೆರಪಿ ಶುರುವಾಯಿತು ಅಂತ ಮಾತ್ರೆಯನ್ನು ನಾವಾಗಿ ನಿಲ್ಲಿಸಬಾರದು.

ಮೊದಲ ಸೆಷನ್ನಿನಲ್ಲಿ 40 ಅಂಕದ ಒಂದು ಪ್ರಶ್ನಾವಳಿ ಕೊಟ್ಟರು. ನನಗೆ 28 ಬಂತು. ಈ ಪರೀಕ್ಷೆಯಲ್ಲಿ ಜಾಸ್ತಿ ಅಂಕ ಬಂದಷ್ಟೂ ಕಾಯಿಲೆ ಜಾಸ್ತಿ.

ಆಮೇಲೆ ಗೆರೆ ಎಳೆಯುವ ಕೆಲಸ. ಇದು ನನಗೆ ತುಂಬ ಮುಖ್ಯವಾಗಿತ್ತು, ಯಾಕೆಂದರೆ ಮಂಗನ ಕಾಯಿಲೆ ಸುಳ್ಳಲ್ಲ. ಮೇಡಂ ಕೇಳಿದರು, ‘ಆರೋಗ್ಯ ಇಲಾಖೆಯವರು ಏನು ಹೇಳ್ತಾರೆ?’ ಕಾಡಿಗೆ ಹೋಗುವಾಗ ಮೈಗೆ ಎಣ್ಣೆ ಹಚ್ಚಿ, ಮೈ ತುಂಬ ಬಟ್ಟೆ ಹಾಕಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಅಂತ. ‘ಅಷ್ಟು ಎಚ್ಚರಿಕೆ. ಅದರ ಮೇಲೆ ನೀವು ಸೇರಿಸಿದ್ದೆಲ್ಲ ಕಾಯಿಲೆ’ ಅಂದರು. ನಿಮ್ಮ ಗೀಳು ಮಡಿ ಮೈಲಿಗೆಯದ್ದಿರಬಹುದು, ಬಾಗಿಲಿನ ಚಿಲಕದ್ದಿರಬಹುದು, ಗ್ಯಾಸ್ ಆರಿಸಿದೆನೋ ಇಲ್ಲವೋ ಅನ್ನುವುದಿರಬಹುದು. ಮನೆಯ ಉಳಿದವರು ಎಷ್ಟು ಮಾಡುತ್ತಾರೋ ಅಲ್ಲಿಗೆ ಗೆರೆ ಎಳೆಯಿರಿ. ಮಡಿಯ ವಿಷಯವಾದರೆ ಮನೆಯ ಹಿರಿಯರನ್ನೋ ಪುರೋಹಿತರನ್ನೋ ಒಂದೇ ಒಂದು ಸಲ ಕೇಳಿ. ಮತ್ತೆ ಮತ್ತೆ ಕೇಳಿದರೆ ಅದೂ ಗೀಳಿನ ಭಾಗವಾಗಿ ಬಿಡುತ್ತದೆ.

ಗೆರೆ ಎಳೆದ ಮೇಲೆ ಮೆಟ್ಟಿಲು. ಒಂದು ನೋಟ್‌ಬುಕ್ಕಿನಲ್ಲಿ ಭಯದ ಸಂಗತಿಗಳನ್ನೆಲ್ಲ ಬರೆದು ಒಂದೊಂದಕ್ಕೂ ಸೊನ್ನೆಯಿಂದ 100ರ ಒಳಗೆ ಅಂಕ ಹಾಕಬೇಕು. ನನ್ನ ಮೆಟ್ಟಿಲು ಹೀಗಿತ್ತು. ಮನೆಯೊಳಗಿನ ಚಪ್ಪಲಿ ಮುಟ್ಟುವುದು 20. ಗೇಟಿನ ಚಿಲಕ 35. ಶಿವಮೊಗ್ಗದ ಬಸ್ಸಿನ ಕಂಬಿ 45. ಹೊರಗೆ ಒಣಗಿದ ಬಟ್ಟೆಯನ್ನು ಕೊಡವದೆ, ನೋಡದೆ ಮಡಚಿಡುವುದು 60. ಹಿತ್ತಲಿನ ದರಗು ಕೈಯಲ್ಲಿ ಎತ್ತುವುದು 75. ಮಗ ಆಟ ಆಡಿ ಬಂದ ಮೇಲೆ ಅವನ ಕೂದಲು ಹುಡುಕದೆ ಪಕ್ಕದಲ್ಲಿ ಮಲಗಿಸಿಕೊಳ್ಳುವುದು 95.

ಕೆಳಗಿನಿಂದ ಹತ್ತಬೇಕು. ಗೇಟಿನ ಚಿಲಕದ ದಿನ ಏನು ಮಾಡಿದೆ ಅಂತ ಬಿಡಿಸಿ ಹೇಳುತ್ತೇನೆ, ಉಳಿದದ್ದೆಲ್ಲ ಅದೇ ರೀತಿ. ಸಂಜೆ ಐದಕ್ಕೆ ಚಿಲಕವನ್ನು ಇಡೀ ಅಂಗೈಯಲ್ಲಿ ಹಿಡಿದೆ. ಬೆರಳ ತುದಿಯಲ್ಲಿ ಮುಟ್ಟುವುದು ಮೋಸ. ಆ ಕೈಯನ್ನು ಸೀರೆಗೆ, ಮುಖಕ್ಕೆ ಸವರಿಕೊಂಡೆ. ಕಟ್ಟೆಯ ಮೇಲೆ ಕೂತೆ. ಐದು ನಿಮಿಷಕ್ಕೊಮ್ಮೆ ಭಯದ ಅಂಕ ಬರೆದೆ. 35 ಅಂದುಕೊಂಡದ್ದು 60ಕ್ಕೆ ಹೋಯಿತು. ಎದೆ ಬಡಿತ, ಕೈ ಉರಿ. ‘ಏನೂ ಆಗಲ್ಲ’ ಅಂತ ಮನಸ್ಸಿನಲ್ಲಿ ಹೇಳಿಕೊಳ್ಳುವುದೂ ಬೇಡ ಅಂದಿದ್ದರು ಮೇಡಂ, ಅದೂ ಒಳಗೊಳಗೇ ತೊಳೆದ ಹಾಗೆ. ಅದರ ಬದಲು ‘ಆಗಬಹುದು, ಆಗದೆಯೂ ಇರಬಹುದು. ಗೊತ್ತಿಲ್ಲದೆಯೇ ನಾನು ಇಲ್ಲಿ ಕೂತಿರುತ್ತೇನೆ’ ಅಂತ ಹೇಳಿಕೊಳ್ಳಬೇಕಿತ್ತು. 25ನೇ ನಿಮಿಷಕ್ಕೆ 50. 50ನೇ ನಿಮಿಷಕ್ಕೆ 20. ಆಗ ಎದ್ದು ಅದೇ ಕೈಯಲ್ಲಿ ಕಾಫಿ ಮಾಡಿದೆ. ಮರುದಿನ ಅದೇ ಚಿಲಕ, ಶುರುವಿನ ಅಂಕ 45. ಆರನೇ ದಿನ 15. ಕೆಲವರಿಗೆ ಒಂದೇ ಸಲಕ್ಕೆ ಭಯ ಇಳಿಯುವುದಿಲ್ಲ. ಇಳಿಯಲೇಬೇಕು ಅಂತಲೂ ಇಲ್ಲ. ಭಯ ಇದ್ದಾಗಲೂ ತೊಳೆಯದೆ ಇರಬಲ್ಲೆ ಅಂತ ಮೈ ಕಲಿತರೆ ಸಾಕು.

ಮನೆಯವರಿಗೆ ಒಂದು ಮಾತು. ನಾನು ದಿನಕ್ಕೆ 30 ಸಲ ‘ರೀ, ಉಣುಗು ಇಲ್ಲ ತಾನೆ?’ ಅಂತ ಕೇಳುತ್ತಿದ್ದೆ. ಅವರು ಪಾಪ, 30 ಸಲವೂ ‘ಇಲ್ಲ ಕಣೇ’ ಅನ್ನುತ್ತಿದ್ದರು. ಮೇಡಂ ಅವರನ್ನೂ ಕೂರಿಸಿಕೊಂಡು ಹೊಸ ಉತ್ತರ ಹೇಳಿಕೊಟ್ಟರು: ‘ಇದಕ್ಕೆ ಉತ್ತರ ಕೊಡಲ್ಲ ಅಂತ ಇಬ್ಬರೂ ಒಪ್ಪಿದ್ದೀವಿ. ನಿನಗೆ ಕಷ್ಟ ಆಗ್ತಿದೆ ಅಂತ ಗೊತ್ತು. ಬಾ, ಇಲ್ಲೇ ಕೂತ್ಕೋ.’ ಮೊದಲ ವಾರ ನಾನು ಅತ್ತೆ, ಸಿಟ್ಟು ಮಾಡಿದೆ. ಅವರು ಬಿಡಲಿಲ್ಲ. ನನ್ನ ಚಿಕಿತ್ಸೆಯಲ್ಲಿ ಅರ್ಧ ಕೆಲಸ ಆ ಒಂದು ಉತ್ತರದ್ದು. ಬೈಯಬೇಡಿ, ರೇಗಿಸಬೇಡಿ, ನಲ್ಲಿ ನಿಲ್ಲಿಸಬೇಡಿ. ಮೊದಲೇ ಇಬ್ಬರೂ ಮಾತಾಡಿಕೊಂಡು ಹಾಗೆ ನಡೆದುಕೊಳ್ಳಿ.

ಐದು ತಿಂಗಳು, 16 ಸೆಷನ್. ಕೊನೆಯಲ್ಲಿ ಅಂಕ 9.

ಖಿನ್ನತೆಗೆ: ಮೊದಲು ಕೈ, ಆಮೇಲೆ ಮನಸ್ಸು

ತಮ್ಮನದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಎಲೆಚುಕ್ಕಿ ರೋಗ ಬಂದ ಮೇಲೆ ಅವನು ತೋಟಕ್ಕೆ ಇಳಿಯುವುದನ್ನೇ ಬಿಟ್ಟ. ಗಡ್ಡ ಬಿಟ್ಟ. ಹಗಲೂ ರಾತ್ರಿ ಮಲಗಿಯೇ ಇರುತ್ತಿದ್ದ. ಕೇಳಿದರೆ ‘ಮನಸ್ಸು ಬರ್ಲಿ ಅಕ್ಕಾ, ಮಾಡ್ತೀನಿ’ ಅನ್ನುತ್ತಿದ್ದ.

ಅವನಿಗೆ ಸಿಕ್ಕಿದ್ದು ಬಿಹೇವಿಯರಲ್ ಆಕ್ಟಿವೇಷನ್. ಇದರ ಲೆಕ್ಕ ಸರಳ. ಖಿನ್ನತೆ ಬಂದಾಗ ಕೆಲಸ ಬಿಡುತ್ತೇವೆ, ಬಿಟ್ಟಷ್ಟೂ ಖುಷಿ ಕೊಡುವುದು ಕಡಿಮೆಯಾಗುತ್ತದೆ, ಅದರಿಂದ ಖಿನ್ನತೆ ಇನ್ನೂ ಜಾಸ್ತಿ. ಮನಸ್ಸು ಬರಲಿ ಅಂತ ಕಾಯದೆ ಗಂಟೆ ನೋಡಿ ಸಣ್ಣ ಕೆಲಸ ಶುರು ಮಾಡಿದರೆ ಆ ಸುತ್ತು ತಿರುಗುತ್ತದೆ. 1996ರಲ್ಲಿ ನೀಲ್ ಜೇಕಬ್ಸನ್ ಮತ್ತು ಜೊತೆಗಾರರು ಅಮೆರಿಕದಲ್ಲಿ ನಡೆಸಿದ ಅಧ್ಯಯನದಲ್ಲಿ ಸಿಬಿಟಿಯ, ಅಂದರೆ ಯೋಚನೆ ಮತ್ತು ನಡವಳಿಕೆ ಎರಡರ ಮೇಲೂ ಕೆಲಸ ಮಾಡುವ ಥೆರಪಿಯ, ಈ ಒಂದು ಭಾಗವೇ ಪೂರ್ತಿ ಸಿಬಿಟಿಯಷ್ಟು ಕೆಲಸ ಮಾಡಿತು. ನಮ್ಮ ಪಕ್ಕದ ಗೋವಾದಲ್ಲಿ ಸಂಗತ್ ಸಂಸ್ಥೆಯವರು ಇದನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತಂದರು. ಮನಶ್ಶಾಸ್ತ್ರ ಓದದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಆರರಿಂದ ಎಂಟು ಸೆಷನ್ ಮಾಡಿಸಿದರು. ಸುಮಾರು 500 ಜನರ ಮೇಲೆ ನಡೆದ ಆ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ತೀವ್ರ ಖಿನ್ನತೆ ಇದ್ದವರಿಗೂ ಉಪಯೋಗವಾಗಿತ್ತು.

ಮಾಡುವುದು ಹೀಗೆ. ಮೊದಲ ವಾರ ಏನನ್ನೂ ಬದಲಿಸದೆ ಗಂಟೆಗಂಟೆಗೆ ಏನು ಮಾಡಿದಿರಿ, ಮನಸ್ಸು ಹತ್ತಕ್ಕೆ ಎಷ್ಟಿತ್ತು ಅಂತ ಬರೆಯಿರಿ. ಯಾವ ಹೊತ್ತಿನಲ್ಲಿ ಒಂದು ಅಂಕವಾದರೂ ಮೇಲೆ ಹೋಗಿದೆ ನೋಡಿ. ತಮ್ಮನಿಗೆ ಅದು ಬೆಳಿಗ್ಗೆ ಡೈರಿಗೆ ಹಾಲು ಕೊಟ್ಟು ಬರುವಾಗ ಇತ್ತು. ಎರಡನೇ ವಾರ ಅದನ್ನೇ ಹಿಡಿದರು. ದಿನಾ ಆರೂವರೆಗೆ ಡೈರಿ, ಬರುವಾಗ ತೋಟದ ಬೇಲಿಯವರೆಗೆ ಹತ್ತು ನಿಮಿಷ. ಕೆಲಸ ಮಾಡು ಅಂತಲ್ಲ, ಸುಮ್ನೆ ನಡೆದು ಬಾ. ಮೂರನೇ ವಾರ ಭಾನುವಾರ ಗಡ್ಡ ತೆಗೆಸುವುದು, ಗೆಳೆಯನಿಗೆ ಒಂದು ಫೋನು. ‘ಇದೆಲ್ಲ ಒಂದು ಚಿಕಿತ್ಸೆನಾ’ ಅಂತ ಅಮ್ಮ ಕೇಳಿದರು. ಹೌದಮ್ಮ, ಇದೇ. ದೊಡ್ಡ ಕೆಲಸ ಬರೆದು ಆಗದಿದ್ದರೆ ‘ನೋಡು, ಇದೂ ಆಗಲಿಲ್ಲ’ ಅಂತ ಮನಸ್ಸು ಇನ್ನೊಂದು ಕಲ್ಲು ಹಾಕುತ್ತದೆ. ಅದಕ್ಕೇ ಅಷ್ಟು ಸಣ್ಣದು.

ಐದನೇ ವಾರದ ಮೇಲೆ ಯೋಚನೆಗಳ ಕೆಲಸ ಶುರುವಾಯಿತು. ಇದು 1960ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರು ರೂಪಿಸಿದ ವಿಧಾನ. ಒಂದು ಹಾಳೆಯಲ್ಲಿ ಗೆರೆ ಎಳೆದು ಬರೆಯುವುದು: ಏನಾಯಿತು, ಏನನಿಸಿತು, ಆಗ ತಲೆಗೆ ಬಂದ ಯೋಚನೆ ಏನು, ಆ ಯೋಚನೆಗೆ ಪುರಾವೆ ಏನು, ವಿರುದ್ಧ ಪುರಾವೆ ಏನು, ಎಲ್ಲ ನೋಡಿ ಈಗ ಏನನಿಸುತ್ತದೆ. ತಮ್ಮ ಬರೆದದ್ದು: ‘ತೋಟ ಹಾಳಾಯ್ತು, ನಾನು ಯಾವುದಕ್ಕೂ ಆಗದವನು.’ ಪುರಾವೆ: ಈ ವರ್ಷ ಫಸಲು ಅರ್ಧ. ವಿರುದ್ಧ: ಎಲೆಚುಕ್ಕಿ ಊರಿಗೆಲ್ಲ ಬಂದಿದೆ, ಪಕ್ಕದ ತೋಟಕ್ಕೂ. ಹನ್ನೆರಡು ವರ್ಷ ಈ ತೋಟ ನಡೆಸಿದವನು ನಾನೇ. ಕೊನೆಗೆ: ‘ನಷ್ಟ ಆಗಿದೆ, ದುಃಖ ಇದೆ. ಆದರೆ ರೋಗ ತಂದವನು ನಾನಲ್ಲ.’ ದುಃಖ 90ರಿಂದ 60ಕ್ಕೆ ಬಂತು. ಸೊನ್ನೆಗೆ ಬರಬೇಕು ಅಂತಿಲ್ಲ. ಪಾಸಿಟಿವ್ ಯೋಚನೆಗೂ ಇದಕ್ಕೂ ಇರುವ ವ್ಯತ್ಯಾಸ ಅದೇ, ಇಲ್ಲಿ ನಷ್ಟವನ್ನು ಯಾರೂ ಮುಚ್ಚಿಡುವುದಿಲ್ಲ.

ಗಮನಿಸಿ, ಈ ಪುರಾವೆಯ ಹಾಳೆಯನ್ನು ನಾನು ನನ್ನ ಗೀಳಿಗೆ ಬಳಸಿದ್ದರೆ ಕೆಡುತ್ತಿತ್ತು. ಉಣುಗು ಇಲ್ಲ ಅನ್ನುವುದಕ್ಕೆ ಪುರಾವೆ ಹುಡುಕುತ್ತ ಹುಡುಕುತ್ತ ಅದೇ ಇನ್ನೊಂದು ತೊಳೆಯುವಿಕೆ ಆಗುತ್ತಿತ್ತು. ಒಬ್ಬರಿಗೆ ಹೊಂದಿದ ವಿಧಾನ ಇನ್ನೊಬ್ಬರಿಗೆ ಹೊಂದದಿರುವುದು ಹೀಗೆ.

ನಿದ್ದೆ ಬಾರದವರಿಗೆ

ನನ್ನ ಕಾಯಿಲೆಯ ಗಲಾಟೆಯಲ್ಲಿ ನಮ್ಮನೆಯವರ ನಿದ್ದೆ ಹೋಯಿತು. ನಾನು ಸುಧಾರಿಸಿದೆ, ಅವರ ನಿದ್ದೆ ವಾಪಸ್ ಬರಲಿಲ್ಲ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದ ಚಿಕಿತ್ಸೆ ಸಿಬಿಟಿ-ಐ, ಅಂದರೆ ನಿದ್ದೆಗೆಂದೇ ಇರುವ ಸಿಬಿಟಿ, ಅಂತ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲೇ ಹೇಳಿದೆ. ನಮ್ಮಲ್ಲಿ ಇದರ ಬಗ್ಗೆ ಮಾತಾಡುವವರೇ ಕಡಿಮೆ.

ಎರಡು ವಾರ ನಿದ್ದೆಯ ಡೈರಿ ಬರೆಯಿರಿ. ಅವರು ರಾತ್ರಿ ಹತ್ತಕ್ಕೆ ಮಲಗಿ ಆರೂವರೆಗೆ ಏಳುತ್ತಿದ್ದರು, ಅಂದರೆ ಹಾಸಿಗೆಯಲ್ಲಿ ಎಂಟೂವರೆ ಗಂಟೆ. ನಿದ್ದೆ ಮಾಡುತ್ತಿದ್ದದ್ದು ಐದೂವರೆ. ಉಳಿದ ಮೂರು ಗಂಟೆ ಬರೀ ಹೊರಳಾಟ. ಚಿಕಿತ್ಸೆ ಏನೆಂದರೆ ಹಾಸಿಗೆಯಲ್ಲಿರುವ ಹೊತ್ತನ್ನೂ ಐದೂವರೆಗೇ ಇಳಿಸುವುದು. ರಾತ್ರಿ ಹನ್ನೆರಡೂವರೆಗೆ ಮಲಗು, ಆರಕ್ಕೆ ಏಳು, ಭಾನುವಾರವೂ. ಮಲಗಿ ಸುಮಾರು 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಹೊರಗೆ ಬಾ, ಮಂದ ಬೆಳಕಿನಲ್ಲಿ ಕೂತುಕೋ, ತೂಕಡಿಕೆ ಬಂದಾಗ ವಾಪಸ್ ಹೋಗು. ಮಧ್ಯಾಹ್ನ ಮಲಗುವ ಹಾಗಿಲ್ಲ. ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನೂರಕ್ಕೆ 85ರಷ್ಟು ನಿದ್ದೆಯಾಗತೊಡಗಿದ ಮೇಲೆ ವಾರಕ್ಕೆ 15 ನಿಮಿಷ ಸೇರಿಸುತ್ತ ಹೋಗುವುದು. ಮೊದಲ ಹತ್ತು ದಿನ ಕಷ್ಟ. ಅವರು ಬೈಕ್ ಬಿಟ್ಟು ಬ್ಯಾಂಕಿಗೆ ನಡೆದೇ ಹೋಗುತ್ತಿದ್ದರು. ಐದು ಗಂಟೆಗಿಂತ ಕಡಿಮೆ ಮಾಡಬಾರದು. ಮೂರ್ಛೆರೋಗ, ಬೈಪೋಲಾರ್ ಇದ್ದವರು, ದೊಡ್ಡ ಗಾಡಿ ಓಡಿಸುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು. ಏಳನೇ ವಾರಕ್ಕೆ ಅವರಿಗೆ ಆರೂ ಮುಕ್ಕಾಲು ಗಂಟೆ ಒಂದೇ ನಿದ್ದೆ.

ಇನ್ನು ಕೆಲವು, ಬೇಗ ಬೇಗ

ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು, ಹಾರ್ಟ್ ಅಟ್ಯಾಕ್ ಅಂತ ಆಸ್ಪತ್ರೆಗೆ ಓಡಿ, ಇಸಿಜಿ ಸರಿ ಇದೆ ಅಂತ ವಾಪಸ್ ಬರುವವರಿದ್ದಾರೆ. ಪ್ಯಾನಿಕ್ ಅಟ್ಯಾಕ್ ಇರಬಹುದು. ಅದಕ್ಕೂ ಸಿಬಿಟಿ ಇದೆ. ಮೆಟ್ಟಿಲು ಹತ್ತಿಸಿ, ಬೇಗ ಬೇಗ ಉಸಿರಾಡಿಸಿ, ಆ ಎದೆಬಡಿತ ಅಪಾಯವಲ್ಲ ಅಂತ ಮೈಗೆ ಕಲಿಸುತ್ತಾರೆ. ಹೃದಯದ ತಪಾಸಣೆ ಮೊದಲು ಆಗಿರಲಿ.

ಅಪಘಾತ, ದೌರ್ಜನ್ಯದಂಥ ಆಘಾತ ಆದವರಿಗೆ, ಆ ನೆನಪನ್ನು ಹಂತ ಹಂತವಾಗಿ ಎದುರಿಸುವ ಪ್ರೊಲಾಂಗ್ಡ್ ಎಕ್ಸ್‌ಪೋಷರ್, ಅದನ್ನು ನೆನೆಯುತ್ತ ಕಣ್ಣು ಆಡಿಸುವ ಇಎಂಡಿಆರ್ ಎಂಬ ಥೆರಪಿಗಳಿವೆ. ಇವನ್ನು ವಿಡಿಯೋ ನೋಡಿ ಮನೆಯಲ್ಲಿ ಮಾಡಿಕೊಳ್ಳಬೇಡಿ. ತರಬೇತಿ ಪಡೆದವರು ಎದುರಿಗೆ ಇರಲೇಬೇಕು.

ಸಿಟ್ಟು ದುಃಖ ಪ್ರವಾಹದಂತೆ ಬಂದು ತಮಗೆ ತಾವೇ ಗಾಯ ಮಾಡಿಕೊಳ್ಳುವ ಮಕ್ಕಳನ್ನು ನಮ್ಮ ಶಾಲೆಯಲ್ಲೇ ನೋಡಿದ್ದೇನೆ. ‘ನಾಟಕ’ ಅನ್ನಬೇಡಿ, ದಯವಿಟ್ಟು. ಅದಕ್ಕೆ ಡಿಬಿಟಿ ಎಂಬ ಚಿಕಿತ್ಸೆ ಇದೆ. ಅದನ್ನು ರೂಪಿಸಿದ ಅಮೆರಿಕದ ಮಾರ್ಷಾ ಲಿನೆಹನ್, ಹರೆಯದಲ್ಲಿ ತಾವೂ ಇದೇ ನೋವಿನಲ್ಲಿ ಆಸ್ಪತ್ರೆ ಸೇರಿದ್ದಾಗಿ 2011ರಲ್ಲಿ ಬಹಿರಂಗವಾಗಿ ಹೇಳಿದರು.

ಸಾವು, ಗಂಡ ಹೆಂಡಿರ ಜಗಳ, ನಿವೃತ್ತಿ, ಮದುವೆಯಾಗಿ ಬೇರೆ ಮನೆಗೆ ಬಂದದ್ದು, ಇಂಥದ್ದರ ಸುತ್ತ ಹುಟ್ಟಿದ ಖಿನ್ನತೆಗೆ ಐಪಿಟಿ ಎಂಬುದಿದೆ. 12ರಿಂದ 16 ವಾರ ಸಂಬಂಧಗಳ ಮೇಲೆಯೇ ಕೆಲಸ ನಡೆಯುತ್ತದೆ. ಖಿನ್ನತೆ ಮತ್ತೆ ಮತ್ತೆ ಮರುಕಳಿಸುವವರಿಗೆ, ಸುಧಾರಿಸಿದ ಮೇಲೆ, ಎಂಟು ವಾರದ ಎಂಬಿಸಿಟಿ ಧ್ಯಾನ ತರಗತಿಗಳಿಂದ ಅನುಕೂಲವಿದೆ.

ಸರಿ ಹೋಗುತ್ತಿದೆಯೇ ಅಂತ ನೋಡುವುದು

ಬಿಪಿ ಅಳೆದ ಹಾಗೆ ಇದನ್ನೂ ಅಳೆಯಬೇಕು. ಖಿನ್ನತೆಗೆ ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೆಯ ಹಾಳೆ ಇದೆ, ಒಟ್ಟು 27 ಅಂಕ. ತಮ್ಮನಿಗೆ 19 ಇದ್ದದ್ದು ಎಂಟನೇ ವಾರಕ್ಕೆ 8. ಆರರಿಂದ ಎಂಟು ಸೆಷನ್ ಆದರೂ ಅಂಕ ಕದಲದಿದ್ದರೆ ಥೆರಪಿಸ್ಟ್ ಹತ್ತಿರ ಬಾಯಿಬಿಟ್ಟು ಹೇಳಿ. ವಿಧಾನ ಬದಲಿಸಬೇಕೇ, ಮಾತ್ರೆ ಸೇರಿಸಬೇಕೇ, ಹೋಮ್‌ವರ್ಕ್ ಜಾಸ್ತಿಯಾಯಿತೇ? ಮುಚ್ಚಿಟ್ಟು, ಸುಮ್ನೆ ಹೋಗುವುದನ್ನು ನಿಲ್ಲಿಸುವವರೇ ಹೆಚ್ಚು. ಹೋಮ್‌ವರ್ಕ್ ಮಾಡದ ವಾರವೂ ಹೋಗಿ. ಯಾಕೆ ಆಗಲಿಲ್ಲ ಅನ್ನುವುದೇ ಆ ದಿನದ ಸೆಷನ್. ನಾನು ಮೇಷ್ಟ್ರು, ಹೋಮ್‌ವರ್ಕ್ ಮಾಡದ ಮಗು ಶಾಲೆ ತಪ್ಪಿಸಿಕೊಳ್ಳುವುದನ್ನು ದಿನಾ ನೋಡುತ್ತೇನೆ. ತಪ್ಪಿಸಿಕೊಂಡ ದಿನವೇ ಅದಕ್ಕೆ ಪಾಠ ಬೇಕಾಗಿರುತ್ತದೆ.

ಥೆರಪಿ ಮುಗಿಯುವಾಗ ಒಂದು ಹಾಳೆ ಕೇಳಿ ಬರೆಸಿಕೊಳ್ಳಿ. ಮತ್ತೆ ಬಂದರೆ ಮೊದಲ ಸೂಚನೆ ಏನು, ಆಗ ಮಾಡಬೇಕಾದ ಮೂರು ಕೆಲಸ ಏನು, ಯಾರಿಗೆ ಫೋನ್ ಮಾಡಬೇಕು.

ನನ್ನ ಹಾಳೆ ಬೇಗನೇ ಬೇಕಾಯಿತು. 2019ರ ನವೆಂಬರ್‌ನಲ್ಲಿ ಥೆರಪಿ ಮುಗಿಯಿತು. ನಾಲ್ಕು ತಿಂಗಳಿಗೆ ಕೊರೋನಾ. ಟೀವಿ ಹಾಕಿದರೆ ಕೈ ತೊಳೆಯಿರಿ, ಫೋನ್ ಎತ್ತಿದರೆ ಕೈ ತೊಳೆಯಿರಿ. ಏಪ್ರಿಲ್ ಎರಡನೇ ವಾರ ನಾನು ಮತ್ತೆ ಬಚ್ಚಲಲ್ಲಿ ಹತ್ತು ನಿಮಿಷ ನಿಂತೆ. ಹಾಳೆಯಲ್ಲಿದ್ದ ಮೊದಲ ಸೂಚನೆ ಅದೇ. ಮೇಡಂಗೆ ಫೋನ್ ಮಾಡಿದೆ. ಅವರು ಕೇಳಿದ್ದು ಹಳೆಯ ಪ್ರಶ್ನೆಯನ್ನೇ: ‘ಆರೋಗ್ಯ ಇಲಾಖೆಯವರು ಏನು ಹೇಳ್ತಾರೆ?’ 20 ಸೆಕೆಂಡ್. ‘ಹಾಗಾದ್ರೆ 20 ಸೆಕೆಂಡ್. 21 ಬೇಡ.’

ಮಗ ಒಂದು ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು ನಲ್ಲಿಯ ಮೇಲೆ ಅಂಟಿಸಿದ: ‘ಹೊರಗಿಂದ ಬಂದಾಗ, ಊಟಕ್ಕೆ ಮುಂಚೆ, ಕಕ್ಕಸಿಗೆ ಹೋಗಿ ಬಂದ ಮೇಲೆ. 20 ಸೆಕೆಂಡ್. ಒಂದೇ ಸಲ ಅಮ್ಮ.’ ನೀರು ಬಿದ್ದು ಬಿದ್ದು ‘ಒಂದೇ ಸಲ’ ಅನ್ನುವುದು ಮಾಸಿತ್ತು. ಹೋದ ವರ್ಷ ಅವನೇ ಅದನ್ನು ಮತ್ತೆ ತಿದ್ದಿ ಬರೆದ.